ವಾಣಿಜ್ಯ ವಿದ್ಯೆಯೂ ಬಳ್ಳಾರಿಯ ಪೇಟೆಯೂ

ವ್ಯವಹಾರ ನಿರ್ವಹಣೆಯ ಉಚ್ಚ ಶಿಕ್ಷಣವು ಬಳ್ಳಾರಿಯಲ್ಲಿಯೇ ದೊರೆಯುತ್ತಿರುವದು ಸಂತೋಷದ ಸಂಗತಿ. 2010ರಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವು ಇಲ್ಲಿ ಸ್ಥಾಪಿತವಾದುದರಿಂದ ನಮ್ಮ ತರುಣರು ಪದವಿಗಾಗಿ ದೂರದೂರಿಗೆ ಹೋಗಲೇಬೇಕೆಂಬ ನಿರ್ಬಂಧವು ಸಡಿಲಿತು. ಆದರೆ ಪದವೀಧರರ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಪೇಟೆಯ ಕಷ್ಟ ಕಡಿಮೆಯಾಯಿತೆಂದು ಹೇಳಲಾದೀತೇ? ಈ ಪ್ರಶ್ನೆಯನ್ನು ನಮ್ಮ ವಾಚಕರ, ವಿಶೇಷವಾಗಿ ಉಪಾಧ್ಯಾಯ ಬಂಧುಗಳ, ವಿಚಾರಕ್ಕೆ ಇಡುತ್ತೇವೆ.

ಈ ವ್ಯಾಧಿಯು ನಮ್ಮದೊಂದೇ ಅಲ್ಲ. ಅಮೆರಿಕೆಯ ಹಾರ್ವರ್ಡಿನಲ್ಲಿ 1908ರಲ್ಲಿ ವ್ಯವಹಾರ ಶಾಲೆಯು ಆರಂಭವಾಯಿತು. ನಿಜವಾದ ಕಂಪನಿಗಳಿಗೊದಗಿದ ಪ್ರಸಂಗಗಳನ್ನೇ ಬರೆದಿಟ್ಟು ವಿದ್ಯಾರ್ಥಿಗಳಿಂದ ಚರ್ಚೆ ಮಾಡಿಸುವ ಪದ್ಧತಿಯು 1920ರ ದಶಕದಲ್ಲಿ ಅಲ್ಲಿ ಬೇರೂರಿತು. 1959ರಲ್ಲಿ ಫೋರ್ಡ್ ಮತ್ತು ಕಾರ್ನೆಗಿ ಪ್ರತಿಷ್ಠಾನಗಳ ವರದಿಗಳು ಇಂಥ ಶಾಲೆಗಳಲ್ಲಿ ಶಾಸ್ತ್ರೀಯ ಸಂಶೋಧನೆಯು ಸಾಲದೆಂದು ಆಕ್ಷೇಪಿಸಿದುವು. ಬಳಿಕ ತಕ್ಕಡಿಯು ಇನ್ನೊಂದು ಕಡೆಗೆ ಎಷ್ಟು ವಾಲಿತೆಂದರೆ, 2005ರಲ್ಲಿ ವಾರೆನ್ ಬೆನ್ನಿಸ್, ಜೇಮ್ಸ್ ಓಟೂಲ್ ಎಂಬ ಪ್ರಾಧ್ಯಾಪಕರೇ ವ್ಯವಹಾರ ಶಾಲೆಗಳು ದಾರಿ ತಪ್ಪಿದುವೆಂದು ಬರೆಯಬೇಕಾಯಿತು. 1961ರಲ್ಲಿ ಹುಟ್ಟಿದ ಅಹಮದಾಬಾದಿನ ಸಂಸ್ಥೆಯು ಹಾರ್ವರ್ಡಿನ ಸಹಕಾರದಿಂದ ಪ್ರಸಂಗ ಪದ್ಧತಿಯನ್ನು ಭಾರತಕ್ಕೆ ತಂದಿತು. ಪದ್ಧತಿಯೇನೋ ಬಂದಿತು. ನಮ್ಮ ಊರಿನ ಪ್ರಸಂಗಗಳನ್ನು ಬರೆಯುವವರು ಬರಲಿಲ್ಲ.

ಬಳ್ಳಾರಿಯ ಜೀನ್ಸ್ ಉದ್ಯಮವನ್ನೇ ನೋಡಿರಿ. ದಂಡಿನ ಸಿಪಾಯಿಗಳಿಗೆ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿಗಳ ಕೈಚಳಕವು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಈ ಉಡುಪಿನ ಕಡೆಗೆ ತಿರುಗಿತು. ಕತ್ತರಿಸುವವರು ಒಬ್ಬರು, ಹೊಲಿಯುವವರು ಮತ್ತೊಬ್ಬರು, ತೊಳೆದು ಬಣ್ಣವಿಳಿಸುವವರು ಮಗುದೊಬ್ಬರು. ಮನೆಯಲ್ಲಿಯೇ ಯಂತ್ರವಿಟ್ಟುಕೊಂಡು ನಗದ ಲೆಕ್ಕದಲ್ಲಿ ಹೊಲಿಯುವ ಹೆಂಗಸರೂ ಈ ಸರಪಳಿಯಲ್ಲಿದ್ದಾರೆ. ಸರಕು ದೂರದ ವ್ಯಾಪಾರಿಗೆ ಉದ್ದರಿಯಾಗಿ ಹೋದರೆ ಹಣವು ಬರುವದು ಅವನ ಮರ್ಜಿಯಂತೆ. ಅಷ್ಟರವರೆಗೆ ಹೊಲಿದವಳ ಕೂಲಿಯೂ ತಡೆದು ನಿಲ್ಲುವದು. ಸಣ್ಣ ಉತ್ಪಾದಕನಿಗೆ ಕೊಡಬೇಕಾದ ಹಣವನ್ನು ಲಿಖಿತ ಕರಾರು ಇದ್ದರೂ 45 ದಿನ ಮೀರದಂತೆ ಕೊಡತಕ್ಕದ್ದೆಂದು 2006ರ ಕಾಯಿದೆಯು ಹೇಳಿದೆ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸಾಲದುದಕ್ಕೆ, ಅವಧಿ ಮೀರಿದ ಬಾಕಿಯನ್ನು ಪಾವತಿಯಾಗುವ ಮೊದಲೇ ಖರ್ಚೆಂದು ತೋರಿಸಿ ಆದಾಯ ತೆರಿಗೆಯಲ್ಲಿ ಕಡಿತ ಪಡೆಯಲಾಗದೆಂದು 2023ರ ಹಣಕಾಸು ಕಾಯಿದೆಯು ವಿಧಿಸಿತು. ಹೀಗಾದ ಮೇಲೆ ವ್ಯಾಪಾರಿಯು ಹಣವನ್ನು ಬೇಗ ಕೊಟ್ಟನೇ, ಇಲ್ಲವೆ ನೋಂದಣಿಯಿಲ್ಲದ ದರ್ಜಿಯ ಕಡೆಗೆ ಸರಿದನೇ? ಇದು ಸಂಶೋಧನೆಗೆ ತಕ್ಕ ಪ್ರಶ್ನೆಯಲ್ಲವೇ? ಇಪ್ಪತ್ತು ಘಟಕಗಳ ಖಾತೆವಹಿಗಳನ್ನು ಶ್ರದ್ಧೆಯಿಂದ ಓದಿದ ವಿದ್ಯಾರ್ಥಿಯೊಬ್ಬನು ಇದಕ್ಕೆ ಉತ್ತರ ಹೇಳಬಲ್ಲನು.

ಸಿರುಗುಪ್ಪದ ಅಕ್ಕಿ ಗಿರಣಿಗಳೂ ಜೀವಂತ ಪಾಠಶಾಲೆಗಳೇ. 2022ರ ಜುಲೈ 18ರಿಂದ, ಚೀಟಿ ಹಚ್ಚಿ ಕಟ್ಟಿದ 25 ಕಿಲೋವರೆಗಿನ ಅಕ್ಕಿಯ ಚೀಲಕ್ಕೆ ನೂರಕ್ಕೆ 5ರಂತೆ ಜಿ.ಎಸ್.ಟಿ. ಬಿದ್ದಾಗ, ದಕ್ಷಿಣದ ಗಿರಣಿಯವರು 26 ಕಿಲೋ ಚೀಲ ಕಟ್ಟಿದರು! ಯಾವ ಪಠ್ಯಪುಸ್ತಕವೂ ಅವರಿಗೆ ಇದನ್ನು ಕಲಿಸಿರಲಿಲ್ಲ. 2023ರ ಜುಲೈಯಲ್ಲಿ ಬಿಳಿಯ ಅಕ್ಕಿಯ ರಫ್ತು ನಿಂತು 2024ರ ಸೆಪ್ಟೆಂಬರಿನಲ್ಲಿ ಮತ್ತೆ ತೆರೆಯಿತು. ನಡುವೆ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೆಯ ತೂಬುಬಾಗಿಲು ಕೊಚ್ಚಿಹೋಯಿತು. ಗಿರಣಿಯವನು ಆಗ ನೆಲ್ಲನ್ನು ಕೊಂಡಿಟ್ಟನೇ, ಮಾರಿದನೇ, ಯಾವ ಲೆಕ್ಕದ ಮೇಲೆ? ಇದನ್ನು ಕೇಳಿ ಬರೆಯುವದಕ್ಕೆ ಸಿರುಗುಪ್ಪದ ಬಸ್ಸಿನ ಟಿಕೆಟ್ಟು ಸಾಕು.

ಕುರುಗೋಡಿನ ಸೀಮೆಯ ಮೆಣಸಿನಕಾಯಿಯ ರೈತನ ಸಂಕಟವು ಇನ್ನೂ ಕಠಿಣ. ಈ ಭಾಗದ ಕಾಯಿ ಹಾವೇರಿ ಜಿಲ್ಲೆಯ ಬ್ಯಾಡಗಿಯ ಪೇಟೆಗೆ ಹೋಗುವದು. ಧಾರಣೆ ಕುಸಿದುದರಿಂದ 2024ರ ಮಾರ್ಚ್ 11ರಂದು ಅಲ್ಲಿ ರೈತರು ರೊಚ್ಚಿಗೆದ್ದು ವಾಹನಗಳಿಗೆ ಬೆಂಕಿಯಿಟ್ಟರು. ಬೆಂಕಿಯನ್ನು ನಾವು ಸಮರ್ಥಿಸುವದಿಲ್ಲ. ಆದರೆ ಕಾಯಿಯನ್ನು ಶೀತಗೃಹದಲ್ಲಿಟ್ಟು, 2007ರ ಉಗ್ರಾಣ ಕಾಯಿದೆಯಂತೆ ದೊರೆಯುವ ರಸೀದಿಯ ಮೇಲೆ ಸಾಲ ಪಡೆದು ಕಾಯುವದು ಲಾಭವೋ ನಷ್ಟವೋ ಎಂಬುದನ್ನು ಬಾಡಿಗೆ, ಬಡ್ಡಿ, ತೂಕದ ಇಳುವರಿ ಸಹಿತ ಲೆಕ್ಕ ಹಾಕಿ ರೈತನಿಗೆ ತಿಳಿಸಿದವರಾರು?

ತಿಳಿಸುವದಾದರೂ ಯಾವ ಭಾಷೆಯಲ್ಲಿ? 1953ರಲ್ಲಿ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿ, ಬಳ್ಳಾರಿಯು ಮೈಸೂರಿಗೆ ಕೂಡಿದಾಗ, ಪಿಂಜಾರ ರಂಜಾನ್ ಸಾಬರು ಈ ಊರಿನಲ್ಲಿ ಪ್ರಾಣವನ್ನೇ ತೆತ್ತರು. 1956ರ ನವೆಂಬರ್ 1ರಂದು ಪ್ರಾಂತವು ಒಂದಾಯಿತು. ಕನ್ನಡಿಗನ ಕಸುಬಿನ ಮೇಲೆ ಕನ್ನಡಿಗನೇ ಬರೆದ ಪ್ರಬಂಧವು ಇಂಗ್ಲಿಷಿನಲ್ಲಿ ಹುಟ್ಟಿ ಗ್ರಂಥಾಲಯದ ಕಪಾಟಿನಲ್ಲಿಯೇ ಮಲಗುವದಾದರೆ, ಆ ಏಕೀಕರಣದ ಫಲವು ಕುರುಗೋಡಿನ ಹೊಲಕ್ಕೆ ಮುಟ್ಟಿತೆನ್ನುವದು ಹೇಗೆ? ಪೇಟೆಯಲ್ಲಿ ತೆಲುಗೂ ಉರ್ದುವೂ ನಡೆಯುತ್ತವೆ, ನಡೆಯಲಿ. ಅದಕ್ಕೆ ನಮ್ಮ ತಕರಾರಿಲ್ಲ.

ವರ್ತಕ ಮಹಾಶಯರಿಗೂ ಎರಡು ಮಾತು. ವಹಿ ಕೇಳಿಕೊಂಡು ಬಂದ ಹುಡುಗನನ್ನು ತೆರಿಗೆ ಖಾತೆಯ ಗೂಢಚಾರನೆಂದು ಹೊರಗಟ್ಟಿ, ವಿದ್ಯಾವಂತರಿಗೆ ವ್ಯವಹಾರ ತಿಳಿಯದೆಂದು ಕಟ್ಟೆಯ ಮೇಲೆ ಹಾಸ್ಯ ಮಾಡುವದು ನ್ಯಾಯವಲ್ಲ. ಹೆಸರು ಮರೆಸಿ ಅಂಕಿಗಳನ್ನು ಕೊಡಬಹುದು. ಪ್ರಾಧ್ಯಾಪಕರ ಬಡ್ತಿಯು ಅಚ್ಚಾದ ಲೇಖನಗಳನ್ನು ಅವಲಂಬಿಸಿದೆಯೆಂಬುದನ್ನು ನಾವು ಬಲ್ಲೆವು. ಊರಿನ ಪ್ರಸಂಗವೊಂದನ್ನು ಬರೆದುದಕ್ಕೂ ವಿಶ್ವವಿದ್ಯಾಲಯವು ಬೆಲೆ ಕಟ್ಟಬೇಕು. ಕಸುಬಿನಲ್ಲಿ 15 ವರ್ಷ ನುರಿತವರನ್ನು, ಪದವಿಯ ಹಂಗಿಲ್ಲದೆ, ಮಂಜೂರಾದ ಹುದ್ದೆಗಳ ನೂರಕ್ಕೆ 10ರ ಮಿತಿಯಲ್ಲಿ ಅನುಭವಿ ಪ್ರಾಧ್ಯಾಪಕರಾಗಿ ಕರೆಯಬಹುದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿಯೇ ಸೂಚಿಸಿದೆ. ಸಿರುಗುಪ್ಪದ ಗಿರಣಿಯ ಹಿರಿಯರೊಬ್ಬರನ್ನೂ ಬಳ್ಳಾರಿಯ ದರ್ಜಿ ಮೇಸ್ತ್ರಿಯೊಬ್ಬರನ್ನೂ ಆ ಪೀಠದಲ್ಲಿ ಕೂಡಿಸಿರಿ. ವಿದ್ಯಾರ್ಥಿಯ ಪ್ರತಿಯೊಂದು ಯೋಜನಾ ವರದಿಗೂ ನಾಲ್ಕು ಪುಟದ ಕನ್ನಡ ಸಾರಾಂಶವಿರಲಿ. ಅದನ್ನು ಅವನೇ ಒಯ್ದು, ಅಂಕಿ ಕೊಟ್ಟ ಅಂಗಡಿಯವನಿಗೆ ಓದಿ ಹೇಳಿ, ಅವನ ಆಕ್ಷೇಪಗಳನ್ನು ಬರೆದು ತಂದ ಬಳಿಕವೇ ಪರೀಕ್ಷಕರು ಗುಣ ಕೊಡಲಿ.