ಸೋತವರ ಲೆಕ್ಕವನ್ನೂ ಓದೋಣ

ಹೊಸ ಬೆಳೆಗೆ ದುಡ್ಡು ಹಾಕುವ ಮೊದಲು ನಾವು ಎಷ್ಟು ಓದುತ್ತೇವೆ? ಒಂದು ಲೇಖನ ಓದುತ್ತೇವೆ, ಒಂದು ತೋಟ ನೋಡಿ ಬರುತ್ತೇವೆ, ಗಿಡ ಮಾರುವವರ ಮಾತು ಕೇಳುತ್ತೇವೆ. ಅಷ್ಟಾದರೆ ಸೊಸೈಟಿಯಲ್ಲಿ ಸಾಲಕ್ಕೆ ಅರ್ಜಿ! ಲೇಖನದಲ್ಲಿ ಬರುವುದು ಹೆಚ್ಚಾಗಿ ಗೆದ್ದವರ ತೋಟ. ಸೋತವರು ಬರೆಯುವುದಿಲ್ಲ, ಅವರನ್ನು ಹುಡುಕಿಕೊಂಡು ಹೋಗುವವರೂ ಕಡಿಮೆ. ಕೃಷಿಕರೇ ಬರೆಯುವ ನಮ್ಮ ಪತ್ರಿಕೆಯೂ ಇದಕ್ಕೆ ಹೊರತಲ್ಲ ಅಂದರೆ ಸಂಪಾದಕರು ಬೇಸರಿಸಬಾರದು.

ವೆನಿಲ್ಲಾದ ಕತೆ ನೆನಪಿಸಿಕೊಳ್ಳಿ. 2000ದ ಏಪ್ರಿಲಿನಲ್ಲಿ ಹುಡಾ ಎಂಬ ಚಂಡಮಾರುತ ಮಡಗಾಸ್ಕರಿಗೆ ಬಡಿಯಿತು. ಜಗತ್ತಿನ ವೆನಿಲ್ಲಾದಲ್ಲಿ ದೊಡ್ಡ ಪಾಲು ಬರುವುದು ಅಲ್ಲಿಂದ. ಮಾಲು ಕಡಿಮೆಯಾಗಿ ಬೆಲೆ ಏರುತ್ತಾ ಹೋಯಿತು. 2003ರ ಸುಮಾರಿಗೆ ನಮ್ಮಲ್ಲಿ ಹಸಿ ಕೋಡಿಗೇ ಕಿಲೋಗೆ ಸಾವಿರಗಟ್ಟಲೆ ರೂಪಾಯಿ ಸಿಕ್ಕಿತು. ಮಲೆನಾಡು, ಕರಾವಳಿಯಲ್ಲೆಲ್ಲ ಬಳ್ಳಿಗೆ ನೂಕುನುಗ್ಗಲು. ಆದರೆ ನೆಟ್ಟ ಬಳ್ಳಿ ಫಸಲು ಕೊಡಲು ಸುಮಾರು ಮೂರು ವರ್ಷ ಬೇಕು. 2005ರ ಹೊತ್ತಿಗೆ ಬೆಲೆ ಮಕಾಡೆ ಮಲಗಿತ್ತು. ಕೊನೆಗೆ ನೆಟ್ಟವರು ಕೋಡು ಕೊಯ್ಯುವಾಗ ಕೇಳುವವರೇ ಇಲ್ಲ.

ಇದು ಹಣೆಬರಹವಲ್ಲ. ಬೆಲೆ ಏಕೆ ಏರಿತು, ಮಡಗಾಸ್ಕರಿನವರು ಮರುನಾಟಿ ಮಾಡಿದರೆ ಎಷ್ಟು ವರ್ಷಕ್ಕೆ ಫಸಲು ಬರುತ್ತದೆ, ಬೆಲೆ ವಿಪರೀತವಾದರೆ ಐಸ್‌ಕ್ರೀಮಿನವರು ಕೃತಕ ವೆನಿಲಿನ್‌ಗೆ ಹೋಗುತ್ತಾರೋ ಇಲ್ಲವೋ – ಇದೆಲ್ಲ ಬೇರೆ ಬೇರೆ ಕಡೆ ಬರಹದಲ್ಲಿ ಇತ್ತು. ಒಟ್ಟು ಸೇರಿಸಿ ಓದಿದವರು ಕಡಿಮೆ. 2017ರ ಮಾರ್ಚಿನಲ್ಲಿ ಎನಾವೋ ಚಂಡಮಾರುತ ಬಂತು. ಬೆಲೆ ಮತ್ತೆ ಹಾರಿತು, ಮತ್ತೆ ಬಿತ್ತು.

ವೈದ್ಯರು ಇಂಥದ್ದಕ್ಕೆ ಒಂದು ಕ್ರಮ ಮಾಡಿಕೊಂಡಿದ್ದಾರೆ. ಅದಕ್ಕೆ ಸಿಸ್ಟಮ್ಯಾಟಿಕ್ ರಿವ್ಯೂ ಅನ್ನುತ್ತಾರೆ. ನಾವು ಕ್ರಮಬದ್ಧ ಪರಾಮರ್ಶೆ ಅನ್ನೋಣ. ಒಂದು ಪ್ರಶ್ನೆಗೆ ಸಂಬಂಧಪಟ್ಟ ಎಲ್ಲ ಪ್ರಯೋಗಗಳನ್ನೂ, ಗೆದ್ದದ್ದು ಸೋತದ್ದು ಎರಡನ್ನೂ, ಹುಡುಕಿ ತೂಗಿ ನೋಡುವ ಕೆಲಸ. ಇದಕ್ಕೆಂದೇ 1993ರಲ್ಲಿ ಇಂಗ್ಲೆಂಡಿನಲ್ಲಿ ಕಾಕ್ರೇನ್ ಎಂಬ ಸಂಸ್ಥೆ ಹುಟ್ಟಿತು.

ಕೃಷಿಯಲ್ಲೂ ಇದು ನಡೆದಿದೆ. ಉಳುಮೆಯಿಲ್ಲದ ಬೇಸಾಯವನ್ನೇ ನೋಡಿ. ಒಬ್ಬರು ಹೊಗಳುತ್ತಾರೆ, ಇನ್ನೊಬ್ಬರು ತೆಗಳುತ್ತಾರೆ. 63 ದೇಶಗಳ 610 ಅಧ್ಯಯನಗಳನ್ನು ಒಟ್ಟು ಸೇರಿಸಿದ ಲೆಕ್ಕ 2015ರಲ್ಲಿ ಪ್ರಕಟವಾಯಿತು. ಸರಾಸರಿ ಇಳುವರಿ 5.7 ಶೇಕಡಾ ಕಡಿಮೆ. ಆದರೆ ಒಣ ಪ್ರದೇಶದ ಮಳೆಯಾಶ್ರಿತ ಹೊಲದಲ್ಲಿ, ಬೆಳೆಯ ಕಸ ಅಲ್ಲೇ ಬಿಟ್ಟು ಬೆಳೆ ಬದಲಿಸುತ್ತಾ ಹೋದರೆ 7.3 ಶೇಕಡಾ ಜಾಸ್ತಿ. ಅಂದರೆ ಹೊಗಳಿದವರದ್ದೂ ಸುಳ್ಳಲ್ಲ, ತೆಗಳಿದವರದ್ದೂ ಸುಳ್ಳಲ್ಲ. ಯಾವ ನೆಲದಲ್ಲಿ, ಯಾವುದರ ಜತೆಗೆ ಮಾಡಿದರು ಎಂಬುದೇ ಮುಖ್ಯ. ಒಂದು ಹೊಲ ನೋಡಿ ಬಂದವನಿಗೆ ಇದು ಕಾಣಲಿಕ್ಕಿಲ್ಲ.

ನಮ್ಮಂಥ ಸಣ್ಣ ಹಿಡುವಳಿದಾರರಿಗೆ ಇದು ಸಾಧ್ಯವೇ ಅಂತ ಕೇಳಬಹುದು. ಒಬ್ಬನಿಗೆ ಕಷ್ಟ, ಐದಾರು ಮಂದಿ ಕೂಡಿದರೆ ಆದೀತು. ಮೊದಲು ಪ್ರಶ್ನೆ ಖಚಿತ ಮಾಡಿಕೊಳ್ಳಬೇಕು. "ಈ ಬೆಳೆ ಒಳ್ಳೆಯದಾ?" ಅಂದರೆ ಉತ್ತರ ಸಿಗದು. "ಬೇಸಿಗೆಯಲ್ಲಿ ನೀರು ಕಡಿಮೆ ಇರುವ ನಮ್ಮಂಥ ತೋಟದಲ್ಲಿ ಐದು ವರ್ಷಕ್ಕೆ ಖರ್ಚು ಹುಟ್ಟೀತಾ?" ಅನ್ನಿ. ಯಾವ ವರದಿ ತಗೊಳ್ಳಬೇಕು, ಯಾವುದು ಬಿಡಬೇಕು ಎಂಬ ನಿಯಮವನ್ನು ಹುಡುಕುವ ಮೊದಲೇ ಬರೆದಿಡಬೇಕು. ಇಲ್ಲದಿದ್ದರೆ ಮನಸ್ಸಿಗೆ ಹಿತವಾದದ್ದು ಮಾತ್ರ ಕಣ್ಣಿಗೆ ಬೀಳುತ್ತದೆ. ಆಮೇಲೆ ಸಂಶೋಧನಾ ಕೇಂದ್ರದ ವರದಿ, ಕೃಷಿ ವಿಶ್ವವಿದ್ಯಾಲಯದ ಪ್ರಕಟಣೆ, ಹಳೆಯ ಸಂಚಿಕೆ ಎಲ್ಲ ತೆಗೆಯಿರಿ. ಪ್ರತಿಯೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು: ಊರು, ಮಣ್ಣು, ನೀರು, ವರ್ಷ, ಖರ್ಚು, ಇಳುವರಿ, ರೋಗ, ಸಿಕ್ಕಿದ ಬೆಲೆ, ಬರೆದವರಿಗೆ ಅದರಲ್ಲಿ ಲಾಭ ಉಂಟೋ ಇಲ್ಲವೋ. ಗಿಡ ಮಾರುವವನೇ ಬರೆದದ್ದಾದರೆ ತೂಕ ಕಡಿಮೆ ಕೊಡಿ. ಬೆಳೆ ಕಿತ್ತು ಹಾಕಿದವರ ಮನೆಗೂ ಹೋಗಿ ಕೇಳಿ. ಅವರ ಲೆಕ್ಕ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಇಷ್ಟು ಮಾಡಿದರೂ ನಾಳೆಯ ಬೆಲೆ ಗೊತ್ತಾಗುವುದಿಲ್ಲ ನಿಜ. ಆದರೆ ಎಷ್ಟರ ಮಟ್ಟಿಗೆ ಕೈ ಸುಡಬಹುದು ಅಂತ ಅಂದಾಜು ಸಿಗುತ್ತದೆ. ಆಗ ಒಂದೆಕ್ರೆಯ ಬದಲು ಹತ್ತು ಗುಂಟೆಗೆ ನೆಡುವ, ಸಾಲದ ಬದಲು ಕೈಯಲ್ಲಿದ್ದ ದುಡ್ಡಲ್ಲಿ ಶುರು ಮಾಡುವ, ಅಡಿಕೆ ಕಡಿಯದೆ ನಡುವೆ ಹಾಕಿ ನೋಡುವ ಬುದ್ಧಿ ಬರುತ್ತದೆ. ದೊಡ್ಡ ಕಂಪೆನಿಗೆ ಒಂದು ನಷ್ಟವಾದರೆ ಮುಂದಿನ ವರ್ಷ ಸರಿದೂಗೀತು. ಎರಡೆಕ್ರೆಯವನಿಗೆ ಒಂದು ನಷ್ಟವೆಂದರೆ ಮಕ್ಕಳ ಓದು, ಮಗಳ ಮದುವೆ ಎಲ್ಲದರ ಮೇಲೂ ಬೀಳುತ್ತದೆ.

ಪತ್ರಿಕೆಯಲ್ಲಿ ನನ್ನದೊಂದು ವಿನಂತಿ. ಯಶಸ್ಸಿನ ಲೇಖನ ಪ್ರಕಟಿಸಿದ ಬೆಳೆಯ ಬಗ್ಗೆ ಐದು ವರ್ಷ ಬಿಟ್ಟು ಅದೇ ತೋಟಕ್ಕೆ ಪುನಃ ಹೋಗಿ ಬರೆಯಿರಿ. ಬಿಟ್ಟವರ ಪತ್ರಗಳಿಗೂ ಅರ್ಧ ಪುಟ ಕೊಡಿ, ಹೆಸರು ಹಾಕದಿದ್ದರೂ ಅಡ್ಡಿಯಿಲ್ಲ. ಬರೆಯಲು ಸಂಕೋಚಪಡುವ ಓದುಗರಿಗೆ ಒಂದೇ ಮಾತು: ನಿಮ್ಮ ನಷ್ಟದ ಲೆಕ್ಕ ಇನ್ನೊಬ್ಬನ ಸಾಲ ತಪ್ಪಿಸಬಲ್ಲದು. ಒಂದು ಕಾರ್ಡು ಬರೆದು ಹಾಕಿ.