ಅನ್ನಿಯನ್‌ನ ವೆಬ್‌ಸೈಟಿಗೆ ಸುಳ್ಳು ದೂರು ಬರುವುದೇ ಇಲ್ಲ



2005ರ ಜೂನ್ ತಿಂಗಳಲ್ಲಿ ಎರಡು ಸಂಗತಿ ನಡೆದವು. ಶಂಕರ್ ನಿರ್ದೇಶನದ 'ಅನ್ನಿಯನ್' ಚಿತ್ರಮಂದಿರಗಳಿಗೆ ಬಂತು. ಮಾಹಿತಿ ಹಕ್ಕು ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಮೊದಲನೆಯದು ನಮಗೆಲ್ಲ ಬಾಯಿಪಾಠ. ಎರಡನೆಯದರ ಅರ್ಜಿಗೆ ಶುಲ್ಕ ಎಷ್ಟು ಎಂದು ಕೇಳಿದರೆ ನಮ್ಮ ಯುವಕೂಟದಲ್ಲಿ ಕೈ ಎತ್ತುವವರು ಇಬ್ಬರೋ ಮೂವರೋ. ಹತ್ತು ರೂಪಾಯಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಹತ್ತು ರೂಪಾಯಿಯ ಅರ್ಜಿ ತುಂಬುವ ಹೀರೋನನ್ನು ಇಟ್ಟುಕೊಂಡು ಯಾರು ಸಿನಿಮಾ ಮಾಡುತ್ತಾರೆ ಹೇಳಿ!

ಭ್ರಷ್ಟಾಚಾರದ ಮಾತು ಬಂದಾಗಲೆಲ್ಲ ನಮ್ಮ ಹುಡುಗರು ಹೇಳುವುದು ಒಂದೇ: "ಅಕ್ಕಾ, ಈ ದೇಶಕ್ಕೆ ಒಬ್ಬ ಅನ್ನಿಯನ್ ಬೇಕು, ಅಷ್ಟೇ." ಅವರನ್ನು ಬೈಯುವ ಮನಸ್ಸು ನನಗಿಲ್ಲ. ಒಂದು ಸರ್ಟಿಫಿಕೇಟಿಗೆ ನಾಲ್ಕು ಸಲ ಅಲೆದು, ಐದನೇ ಸಲ ಕವರ್ ಕೊಟ್ಟು ಬಂದ ಅಪ್ಪನ ಮುಖ ನೋಡಿದ ಯಾರಿಗಾದರೂ ಹಾಗೆಯೇ ಅನಿಸುತ್ತದೆ. ನನಗೂ ಆ ಸಿನಿಮಾಗಳು ಇಷ್ಟ. 'ರಮಣ' ಚಿತ್ರದಲ್ಲಿ ವಿಜಯಕಾಂತ್ ಕಾಲೇಜು ಪ್ರೊಫೆಸರ್. ಲಂಚ ತಿನ್ನುವವರ ಪಟ್ಟಿ ಮಾಡಿಸಿ ಶಿಕ್ಷೆ ಕೊಡುತ್ತಾರೆ. ಅದೇ ಕನ್ನಡದಲ್ಲಿ ವಿಷ್ಣುವರ್ಧನ್ ಅವರ 'ವಿಷ್ಣು ಸೇನಾ' ಆಯಿತು. ನಮ್ಮ ಮನೆಯಲ್ಲಿ ಟಿವಿಗೆ ಯಾವುದು ಬಂದರೂ ಅಡುಗೆಮನೆಯಿಂದ ಅಮ್ಮನೂ ಬಂದು ಕೂರುತ್ತಾರೆ.

ಆದರೆ ಒಂದು ವಿಷಯ ಗಮನಿಸಿ. ಅನ್ನಿಯನ್‌ಗೆ ಒಂದು ವೆಬ್‌ಸೈಟ್ ಇದೆ. ಜನ ಅಲ್ಲಿ ದೂರು ಬರೆಯುತ್ತಾರೆ, ಅವನು ಶಿಕ್ಷೆ ಕೊಡುತ್ತಾನೆ. ಕೆಟ್ಟ ಊಟ ಕೊಟ್ಟ ರೈಲ್ವೆ ಗುತ್ತಿಗೆದಾರನಿಗೆ ಕುದಿಯುವ ಎಣ್ಣೆ. ಮೂರು ಗಂಟೆಯ ಆ ಸಿನಿಮಾದಲ್ಲಿ ಯಾರೂ ಸುಳ್ಳು ದೂರು ಬರೆಯುವುದಿಲ್ಲ. ಪಕ್ಕದ ಮನೆಯವನ ಮೇಲಿನ ಹೊಟ್ಟೆಕಿಚ್ಚಿಗೆ ಬರೆಯುವುದಿಲ್ಲ, ಹೆಸರು ತಪ್ಪಿ ಬರೆಯುವುದೂ ಇಲ್ಲ. ತಪ್ಪು ನಡೆದದ್ದನ್ನು ಕ್ಯಾಮೆರಾ ನಮಗೆ ಮೊದಲೇ ತೋರಿಸಿರುತ್ತದೆ. ಸಾಕ್ಷಿ ಯಾರಿಗೆ ಬೇಕು? ನಾವು ಸೀಟಿನಲ್ಲಿ ಕೂತು ದೇವರ ಕಣ್ಣಿನಿಂದ ನೋಡುತ್ತಿರುತ್ತೇವೆ. ಹೊರಗೆ ಬಂದು ಮೊಬೈಲ್ ತೆಗೆದಾಗಲೂ ಆ ಕಣ್ಣು ಇನ್ನೂ ನಮ್ಮ ಬಳಿಯೇ ಇದೆ ಎಂದು ಅಂದುಕೊಳ್ಳುತ್ತೇವೆ. ಅಲ್ಲೇ ಅಪಾಯ.

ಮೊಬೈಲಿಗೆ ಬರುವುದು ಹೇಗಿರುತ್ತದೆ ಎಂದು ತಿರುಪ್ಪೂರಿನಲ್ಲಿರುವವರಿಗೆ ನಾನು ಹೇಳಬೇಕಿಲ್ಲ. 2023ರ ಮಾರ್ಚ್‌ನಲ್ಲಿ ಬಿಹಾರದ ಕಾರ್ಮಿಕರನ್ನು ಇಲ್ಲಿ ಹೊಡೆದು ಕೊಲ್ಲುತ್ತಿದ್ದಾರೆ ಎಂಬ ವಿಡಿಯೊಗಳು ದೇಶವೆಲ್ಲ ಓಡಾಡಿದವು. ಹಂಚಿದವರಲ್ಲಿ ಎಷ್ಟೋ ಜನ ಬಡವರ ಪರವಾಗಿ ನಿಂತಿದ್ದೇವೆ ಎಂದೇ ನಂಬಿದ್ದರು. ಬನಿಯನ್ ಕಂಪನಿಗಳ ಹುಡುಗರು ಹೆದರಿ ರೈಲು ಹತ್ತಿದರು. ಪೊಲೀಸರು ವಿಚಾರಿಸಿ ನೋಡಿದರೆ, ಒಂದು ವಿಡಿಯೊ ಬಿಹಾರದ ಕಾರ್ಮಿಕರ ಎರಡು ಗುಂಪುಗಳ ನಡುವಿನ ಜಗಳ, ಇನ್ನೊಂದು ಕೊಯಮತ್ತೂರಿನ ಸ್ಥಳೀಯರದ್ದೇ ಜಗಳ.

ಪೊಲ್ಲಾಚಿಯ ವಿಷಯ ಹೀಗೆ ಸುಳ್ಳಲ್ಲ, ನಿಜವಾಗಿಯೇ ನಡೆದದ್ದು. ಅದಕ್ಕೇ ಅದರ ಬಗ್ಗೆ ಹೆಚ್ಚು ಹೇಳಬೇಕು.

2019ರ ಫೆಬ್ರವರಿಯಲ್ಲಿ ಒಬ್ಬ ಕಾಲೇಜು ಹುಡುಗಿ ದೂರು ಕೊಟ್ಟಳು. ಒಂದು ಗ್ಯಾಂಗ್ ಹುಡುಗಿಯರ ಸ್ನೇಹ ಬೆಳೆಸಿ, ಕರೆದುಕೊಂಡು ಹೋಗಿ, ದೌರ್ಜನ್ಯ ಎಸಗಿ, ಅದನ್ನು ವಿಡಿಯೊ ಮಾಡಿ ಬೆದರಿಸುತ್ತಿತ್ತು. ದೂರಿನ ನಂತರ ಆಕೆಯ ಅಣ್ಣನಿಗೆ ಪೆಟ್ಟು ಬಿತ್ತು. ಹಿಂದೆ ದೊಡ್ಡವರ ಬಲವಿದೆ ಎಂಬ ಮಾತು ಎಲ್ಲೆಡೆ ಹಬ್ಬಿತು. ಹುಡುಗಿಯ ಗುರುತು ಕಾಪಾಡಬೇಕಾದ ಪೊಲೀಸ್ ಅಧಿಕಾರಿಯೇ ಪತ್ರಕರ್ತರ ಮುಂದೆ ಹೆಸರು ಹೇಳಿಬಿಟ್ಟರು. ಪ್ರಕರಣವನ್ನು ಸಿಬಿಐಗೆ ಒಪ್ಪಿಸುವ ಸರ್ಕಾರಿ ಆದೇಶದಲ್ಲೂ ಆ ಹೆಸರು ಬಂತು. ಆಕೆಗೆ 25 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಮದ್ರಾಸ್ ಹೈಕೋರ್ಟ್ ಹೇಳಬೇಕಾಯಿತು.

ಆಗ ನಾನು ಬಿಎಸ್ಸಿ ಎರಡನೇ ವರ್ಷ. ಗೆಳತಿಯರ ಮನೆಗಳಲ್ಲಿ ಅಪ್ಪ ಅಮ್ಮಂದಿರು ಮೊಬೈಲ್ ಕಿತ್ತಿಟ್ಟರು, ಹಾಸ್ಟೆಲಿನಿಂದ ಇಬ್ಬರನ್ನು ವಾಪಸ್ ಕರೆಸಿಕೊಂಡರು. ಶಿಕ್ಷೆ ಮೊದಲು ಬಿದ್ದದ್ದು ನಮ್ಮ ಮೇಲೆ! ಅದೇ ವಾರ ಒಂದು ಕ್ಲಿಪ್ ಗ್ರೂಪಿನಿಂದ ಗ್ರೂಪಿಗೆ ಹರಿಯಿತು. ಹುಡುಗಿಯೊಬ್ಬಳ ಅಳು ಅದರಲ್ಲಿ ಕೇಳಿಸುತ್ತಿತ್ತು. ಕೆಳಗೆ "ಇವರನ್ನು ಎನ್‌ಕೌಂಟರ್ ಮಾಡಿ", "ನಡುಬೀದಿಯಲ್ಲಿ ನೇಣು ಹಾಕಿ". ಕಳಿಸಿದವರು ಒಳ್ಳೆಯವರೇ, ಕೆಲವರು ಪೂಜೆಗೆ ತಪ್ಪದೆ ಬರುವವರು. ಆದರೆ ಯೋಚಿಸಿ, ಆ ಗ್ಯಾಂಗ್ ಆಕೆಗೆ ಹಾಕಿದ್ದ ಬೆದರಿಕೆ ಏನು? ವಿಡಿಯೊವನ್ನು ಎಲ್ಲರಿಗೂ ಕಳಿಸುತ್ತೇವೆ ಎಂದು ತಾನೇ? ಅದನ್ನು ನ್ಯಾಯದ ಹೆಸರಿನಲ್ಲಿ ನಮ್ಮವರೇ ಮಾಡಿ ಮುಗಿಸಿದರು.

ಆ ವರ್ಷವೇ ಡಿಸೆಂಬರ್‌ನಲ್ಲಿ ಹೈದರಾಬಾದಿನಲ್ಲಿ ಪಶುವೈದ್ಯೆಯ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದರು. ಜನ ಪೊಲೀಸರ ಮೇಲೆ ಹೂ ಸುರಿದರು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂತು: ಪೊಲೀಸರ ಕಥೆ ನಂಬಲು ಅರ್ಹವಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಸತ್ತವರಲ್ಲಿ ಮೂವರು ಅಪ್ರಾಪ್ತರು. ಆ ನಾಲ್ವರ ವಿಚಾರಣೆ ಇನ್ನು ಎಂದಿಗೂ ನಡೆಯುವುದಿಲ್ಲ. ಹೂ ಸುರಿದವರು ಈ ವರದಿ ಓದಿದರೋ ಇಲ್ಲವೋ.

ಪೊಲ್ಲಾಚಿ ಪ್ರಕರಣಕ್ಕೆ ಆರು ವರ್ಷ ಹಿಡಿಯಿತು. 2025ರ ಮೇ 13ರಂದು ಕೊಯಮತ್ತೂರಿನ ಮಹಿಳಾ ನ್ಯಾಯಾಲಯ ಒಂಬತ್ತು ಜನರಿಗೂ ಸಾಯುವವರೆಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಸಂತ್ರಸ್ತ ಮಹಿಳೆಯರಿಗೆ ಒಟ್ಟು 85 ಲಕ್ಷ ರೂಪಾಯಿ ಪರಿಹಾರ. ನ್ಯಾಯಾಲಯದಲ್ಲಿ 48 ಸಾಕ್ಷಿಗಳು ಹೇಳಿಕೆ ಕೊಟ್ಟರು. ಒಬ್ಬರೂ ಮಾತು ಬದಲಿಸಲಿಲ್ಲ. ನಮ್ಮಂಥ ಊರಿನಲ್ಲಿ, ಮದುವೆ, ನೆಂಟರು, ಬೀದಿಯವರ ಬಾಯಿ ಎಲ್ಲದರ ನಡುವೆ, ಆರು ವರ್ಷ ಅದೇ ಮಾತಿಗೆ ನಿಲ್ಲುವುದು ಎಷ್ಟು ಕಷ್ಟ ಎಂದು ಹೆಣ್ಣುಮಕ್ಕಳಿಗೆ ಗೊತ್ತು. ಥ್ರಿಲ್ಲರ್ ಬರೆಯುವವರು ಈ ಧೈರ್ಯವನ್ನು ಯಾಕೆ ಬರೆಯುವುದಿಲ್ಲವೋ!

"ಹಾಗಾದರೆ ಆನ್‌ಲೈನಿನಲ್ಲಿ ಬಾಯಿ ಮುಚ್ಚಿಕೊಂಡಿರಬೇಕಾ?" ಎಂದು ಕೇಳುತ್ತೀರಿ. ಬೇಡ. 2019ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿಯದಿದ್ದರೆ, ಆನ್‌ಲೈನಿನಲ್ಲಿ ಕೂಗು ಏಳದಿದ್ದರೆ, ಪ್ರಕರಣ ಸಿಬಿ-ಸಿಐಡಿಗೆ, ಅಲ್ಲಿಂದ ಸಿಬಿಐಗೆ ಅಷ್ಟು ಬೇಗ ಹೋಗುತ್ತಿತ್ತು ಎಂದು ನಾನು ನಂಬುವುದಿಲ್ಲ. ದೊಡ್ಡವರ ವಿಷಯದಲ್ಲಿ ಕೂಗದೆ ಏನೂ ಆಗುವುದಿಲ್ಲ ಎಂಬುದು ನಿಜ. "ತನಿಖೆ ಮಾಡಿ" ಎಂದು ಕೂಗುವುದಕ್ಕೂ "ಕೊಂದುಹಾಕಿ" ಎಂದು ಕೂಗುವುದಕ್ಕೂ ಇರುವ ದೂರವನ್ನು ಮಾತ್ರ ಮರೆಯಬೇಡಿ.

ದಾನಿಯೇಲನ ಗ್ರಂಥದ ಹದಿಮೂರನೇ ಅಧ್ಯಾಯದ ಸುಸನ್ನಳ ಕಥೆ ನಿಮಗೆ ನೆನಪಿರಬಹುದು. ಅಲ್ಲಿಯ ದುಷ್ಟರು ಸಾಮಾನ್ಯರಲ್ಲ. ಹಿರಿಯರು, ಅದೇ ವರ್ಷ ನೇಮಕವಾದ ನ್ಯಾಯಾಧೀಶರು. ತಮ್ಮ ಮಾತಿಗೆ ಬಗ್ಗದ ಹೆಂಗಸಿನ ಮೇಲೆ ಅವರೇ ವ್ಯಭಿಚಾರದ ಆರೋಪ ಹೊರಿಸುತ್ತಾರೆ. ದೊಡ್ಡವರು ಹೇಳಿದ್ದು ಎಂದು ಇಡೀ ಸಭೆ ನಂಬಿ ಆಕೆಯನ್ನು ಕೊಲ್ಲಲು ಹೊರಡುತ್ತದೆ. ಅಂದರೆ ಅಧಿಕಾರದಲ್ಲಿರುವವರಿಗೆ ಗುಂಪಿನ ಸಿಟ್ಟು ಯಾವಾಗಲೂ ಭಯದ ವಸ್ತುವೇನಲ್ಲ, ಆಯುಧವೂ ಹೌದು. ತಡೆದವನು ಒಬ್ಬ ಹುಡುಗ. ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದ: ಯಾವ ಮರದ ಕೆಳಗೆ ನೋಡಿದೆ? ಒಬ್ಬೊಬ್ಬರು ಒಂದೊಂದು ಮರ ಹೇಳಿದರು. ನಾವು ಲ್ಯಾಬಿನಲ್ಲಿ ಟೈಟ್ರೇಷನ್ ಮಾಡುವಾಗ ರೀಡಿಂಗ್ ಒಂದಕ್ಕೊಂದು ಹೊಂದುವವರೆಗೆ ರೆಕಾರ್ಡಿಗೆ ಬರೆಯಲು ಬಿಡುತ್ತಿರಲಿಲ್ಲ. ಆಗೆಲ್ಲ ನನಗೆ ಈ ಮರಗಳದ್ದೇ ನೆನಪು. ಸುಳ್ಳು ಹೇಳಿದ ಇಬ್ಬರಿಗೂ ಆ ಕಾಲದ ಕಾನೂನಿನಂತೆ ಮರಣದಂಡನೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮೊದಲು ಬಂದದ್ದು ಪ್ರಶ್ನೆ.

ಪೊಲ್ಲಾಚಿಯಲ್ಲಿ ಇನ್ನೂ ದೊಡ್ಡವರು ತಪ್ಪಿಸಿಕೊಂಡರು ಎಂದು ಹೇಳುವವರು ಈಗಲೂ ಇದ್ದಾರೆ. ಸಾಕ್ಷ್ಯ ಇದ್ದವರು ಅದನ್ನು ಕೋರ್ಟಿಗೆ ಕೊಡಲಿ. ಇಂಥ ಪ್ರಕರಣಗಳಿಗೆ ಮೇಲ್ಮನವಿಯ ದಾರಿ ಇದ್ದೇ ಇದೆ, ಸುದ್ದಿ ಮತ್ತೆ ಮತ್ತೆ ಬರುತ್ತದೆ, ಬಂದಾಗಲೆಲ್ಲ "ಆ ಹುಡುಗಿಯರು ಯಾರು?" ಎಂದು ಕೇಳುವವರೂ ಬರುತ್ತಾರೆ. ನಮ್ಮ ಗ್ರೂಪಿನಲ್ಲಿ ಯಾರೂ ಉತ್ತರ ಕೊಡಬೇಡಿ. ಮತ್ತೊಂದು ಮಾತು. ಹಳೆಯ ಮೊಬೈಲುಗಳನ್ನು ಬೀರುವಿನಲ್ಲಿ ಇಟ್ಟುಕೊಂಡಿರುವವರು ಒಮ್ಮೆ ಚಾರ್ಜ್ ಮಾಡಿ, ವಾಟ್ಸ್ಆ್ಯಪ್ ಫೋಲ್ಡರಿನಲ್ಲಿ 2019ರ ಮಾರ್ಚ್ ತಿಂಗಳನ್ನು ತೆರೆದು ನೋಡಿ. ಆ ಕ್ಲಿಪ್ ಇದ್ದರೆ ಪ್ಲೇ ಮಾಡದೆ ಅಳಿಸಿಬಿಡಿ.