ಹಿಂದಿನಿಂದ ಗುದ್ದಿದರೆ ತಪ್ಪು ಯಾರದು? ನಂಬರ್ ಪ್ಲೇಟ್ ನೋಡಿ ಹೇಳಬೇಡಿ

ಜತ್ತ: ಮುಂದಿನ ಕಾರು ಒಮ್ಮೆಲೆ ನಿಂತಿತು, ಹಿಂದಿನದು ಹೋಗಿ ಗುದ್ದಿತು. ಬಂಪರ್ ಒಡೆಯಿತು, ದೀಪ ಚೂರಾಯಿತು, ಯಾರಿಗೂ ಪೆಟ್ಟಿಲ್ಲ. ಐದು ನಿಮಿಷದಲ್ಲಿ ಮುಗಿಯಬೇಕಾದ ಮಾತು. ಆದರೆ ಗಡಿ ಭಾಗದ ರಸ್ತೆಗಳಲ್ಲಿ ಇದು ತಾಸುಗಟ್ಟಲೆ ನಡೆಯುತ್ತದೆ. 'ನೀ ಯಾಕ ಒಮ್ಮೆಲೆ ಬ್ರೇಕ್ ಹೊಡದಿ?' ಎಂದು ಒಬ್ಬ, 'ನಿನಗ ಕಣ್ಣ ಕಾಣಂಗಿಲ್ಲೇನು?' ಎಂದು ಇನ್ನೊಬ್ಬ. ಕೂಡಿದ ಜನ ಅರ್ಧ ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ ನ್ಯಾಯ ಹೇಳುತ್ತಾರೆ. 'ಚೂಕ ಕೋಣಾಚಿ' ಎಂದು ಕೇಳುವುದಕ್ಕಿಂತ ಮೊದಲೇ ಎಲ್ಲರ ಕಣ್ಣು ಹೋಗುವುದು ನಂಬರ್ ಪ್ಲೇಟಿನ ಮೇಲೆ.

ಗುಹಾಗರದಿಂದ ಕರಾಡ, ವಿಟಾ, ಜತ್ತ, ಮುಚ್ಚಂಡಿ ಹಾದು ವಿಜಯಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 166ಇ ಈ ತಾಲ್ಲೂಕಿನ ಮುಖ್ಯ ದಾರಿ. ಸಾಂಗಲಿಯ ಎಂಎಚ್ 10, ವಿಜಯಪುರದ ಕೆಎ 28, ಸೊಲ್ಲಾಪುರದ ಎಂಎಚ್ 13 ಎಲ್ಲವೂ ಇಲ್ಲಿ ಒಂದರ ಹಿಂದೆ ಒಂದು ಓಡುತ್ತವೆ. ಅಮಾವಾಸ್ಯೆ ಬಂತೆಂದರೆ ಗುಡ್ಡಾಪುರದ ದಾನಮ್ಮದೇವಿ ದರ್ಶನಕ್ಕೆ ಕರ್ನಾಟಕದಿಂದ ಬರುವ ಗಾಡಿಗಳ ಸಾಲೇ ಬೇರೆ. ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳೂ ಅದೇ ಸಾಲಿನಲ್ಲಿ ಸೇರುತ್ತವೆ. ಇಂಥ ಕಡೆ ಸಣ್ಣ ಪುಟ್ಟ ಗುದ್ದಾಟ ಆಗದೆ ಇರುವುದಿಲ್ಲ.

ಪ್ರಶ್ನೆ ಇರುವುದು ಅದರ ನ್ಯಾಯ ಹೇಗೆ ಆಗುತ್ತದೆ ಎಂಬುದರಲ್ಲಿ. ರಸ್ತೆ ಮೇಲಿನ ಜನರಿಗೆ ಬರೆಯದ ಮೂರು ಕಾನೂನು ಇವೆ. ಹೊರಗಿನ ನಂಬರಿನವನದು ತಪ್ಪು. ದೊಡ್ಡ ಗಾಡಿಯವನದು ತಪ್ಪು. ಊರ ಮಾತು ಬಾರದವನದು ತಪ್ಪು. ಜತ್ತ ತಾಲ್ಲೂಕಿನ ಕನ್ನಡಿಗನಿಗೆ ಇದರಲ್ಲಿ ಎರಡೂ ಕಡೆಯ ಏಟು. ವಿಜಯಪುರಕ್ಕೆ ಹೋದರೆ ಅವನ ಪ್ಲೇಟು ಹೊರಗಿನದು, ಮಿರಜ–ಸಾಂಗಲಿಗೆ ಹೋದರೆ ಅವನ ಮಾತು ಹೊರಗಿನದು. ತಪ್ಪಿಲ್ಲದೆ ದುಡ್ಡು ಕೊಟ್ಟು ಬಂದವರು ಗಡಿಯ ಎರಡೂ ಕಡೆ ಇದ್ದಾರೆ.

ಕಾಯ್ದೆ ಏನು ಹೇಳುತ್ತದೆ?

ಕಾಯ್ದೆಯಲ್ಲಿ ಪ್ಲೇಟಿಗೂ ಭಾಷೆಗೂ ಜಾಗವಿಲ್ಲ. 1989ರ ರಸ್ತೆ ನಿಯಮಾವಳಿಯಲ್ಲಿ ಎರಡು ಮಾತುಗಳನ್ನು ಒಂದರ ಬೆನ್ನಿಗೆ ಒಂದು ಬರೆಯಲಾಗಿತ್ತು. ಮುಂದಿನ ವಾಹನ ಒಮ್ಮೆಲೆ ನಿಧಾನವಾದರೂ ನಿಂತರೂ ಡಿಕ್ಕಿ ಆಗದಷ್ಟು ಅಂತರವನ್ನು ಹಿಂದಿನವನು ಇಟ್ಟುಕೊಳ್ಳಬೇಕು ಎಂಬುದು ಮೊದಲನೆಯದು. ಸುರಕ್ಷತೆಗೆ ಅವಶ್ಯವಿಲ್ಲದೆ ಯಾವ ಚಾಲಕನೂ ಒಮ್ಮೆಲೆ ಬ್ರೇಕ್ ಹಾಕಬಾರದು ಎಂಬುದು ಎರಡನೆಯದು. 2017ರಲ್ಲಿ ಹೊಸ ಚಾಲನಾ ನಿಯಮಾವಳಿ ಬಂದಾಗಲೂ ಈ ಎರಡು ಹೊಣೆಗಳು ಉಳಿದುಕೊಂಡವು.

ಅಂದರೆ ಮೊದಲ ಹೊಣೆ ಹಿಂದಿನವನದು. ಕಾರಣ ಸರಳ. ಎರಡು ಗಾಡಿಗಳ ನಡುವಿನ ಜಾಗ ಹೆಚ್ಚು ಕಡಿಮೆ ಮಾಡುವ ಶಕ್ತಿ ಹೆಚ್ಚಾಗಿ ಅವನ ಕೈಯಲ್ಲೇ ಇರುತ್ತದೆ. ಮುಂದಿನವನಿಗೆ ದನ ಅಡ್ಡ ಬರಬಹುದು, ಹುಡುಗರು ಓಡಿ ಬರಬಹುದು, ಬಣ್ಣ ಮಾಸಿದ ಸ್ಪೀಡ್ ಬ್ರೇಕರ್ ಹತ್ತಿರ ಹೋದ ಮೇಲೆ ಕಾಣಬಹುದು. ಮಾಡಗ್ಯಾಳ ಕಡೆ ಕುರಿ ಹಿಂಡು ರಸ್ತೆ ದಾಟುವಾಗ ಬ್ರೇಕ್ ಹಾಕದೆ ಇರಲು ಆದೀತೆ? ಅಂಥ ಬ್ರೇಕ್ 'ಅವಶ್ಯ'ದ ಲೆಕ್ಕಕ್ಕೆ ಸೇರುತ್ತದೆ. ಅಲ್ಲಿ ಗುದ್ದಿದವನು 'ನೀ ಯಾಕ ನಿಂತಿ' ಎಂದು ಕೇಳುವ ಹಾಗಿಲ್ಲ.

ಎರಡು ಸೆಕೆಂಡಿನ ಲೆಕ್ಕ

'ಸಾಕಷ್ಟು ಅಂತರ' ಎಂದರೆ ಎಷ್ಟು? ನಿಯಮದಲ್ಲಿ ಅಡಿ, ಮೀಟರ್ ಬರೆದಿರಲಿಲ್ಲ. 2018ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಒಂದು ಅಳತೆ ಹೇಳಿತು. ಲಾರಿಯ ಹಿಂದೆ ಹೊರಟಿದ್ದ ಮಾರುತಿ ಕಾರು ಅದಕ್ಕೆ ಗುದ್ದಿದ ಪ್ರಕರಣ ಅದು. ಲಾರಿಯವನು ಒಮ್ಮೆಲೆ ಬ್ರೇಕ್ ಹಾಕಿದ ಎಂಬುದು ಕಾರಿನವರ ವಾದ. ಆದರೆ ನಡುವೆ ಇದ್ದ ಅಂತರ 10ರಿಂದ 15 ಅಡಿ ಮಾತ್ರ. ಅದು ಸುರಕ್ಷಿತ ಅಂತರ ಅಲ್ಲವೇ ಅಲ್ಲ, ರಸ್ತೆ ಚೆನ್ನಾಗಿದ್ದಾಗಲೂ ಕನಿಷ್ಠ ಎರಡರಿಂದ ಮೂರು ಸೆಕೆಂಡಿನ ಅಂತರ ಬೇಕು ಎಂದು ಕೋರ್ಟ್ ಹೇಳಿತು. ತಪ್ಪು ಹಿಂದಿನ ಕಾರಿನ ಮೇಲೆ ಬಂತು.

ಲೆಕ್ಕ ಹಾಕಿ ನೋಡಿ. ತಾಸಿಗೆ 50 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತದೆ. ಎರಡು ಸೆಕೆಂಡಿಗೆ 28 ಮೀಟರ್, ಅಂದರೆ 90 ಅಡಿ. 15 ಅಡಿ ದಾಟಲು ಅದಕ್ಕೆ ಬೇಕಾಗುವುದು ಒಂದು ಸೆಕೆಂಡಿನ ಮೂರನೆ ಒಂದು ಭಾಗ. ಅಷ್ಟರಲ್ಲಿ ಕಾಲು ಬ್ರೇಕಿನ ಮೇಲೆ ಹೋಗುವುದೇ ಇಲ್ಲ. ಅಳೆಯಲು ಪಟ್ಟಿ ಬೇಕಿಲ್ಲ. ಮುಂದಿನ ಗಾಡಿ ಒಂದು ವಿದ್ಯುತ್ ಕಂಬ ದಾಟಿದ ಮೇಲೆ ಸಾವಕಾಶ ಎರಡು ಸಲ 'ದಾನಮ್ಮ ತಾಯಿ' ಅನ್ನಿ. ಅಷ್ಟರೊಳಗೆ ನೀವು ಆ ಕಂಬ ಮುಟ್ಟಿದರೆ ತೀರಾ ಹತ್ತಿರ ಇದ್ದೀರಿ. ಮಳೆ ಇದ್ದರೆ, ಗಾಡಿಯಲ್ಲಿ ಹೇರು ಇದ್ದರೆ ಇನ್ನೂ ಹಿಂದೆ ಸರಿಯಬೇಕು.

ಮುಂದಿನವನ ಪಾಲು

ಹಾಗೆಂದು 'ಹಿಂದ ಇದ್ದಾವಂದ ತಪ್ಪು' ಎಂದು ಕಣ್ಣು ಮುಚ್ಚಿ ಹೇಳುವುದೂ ನ್ಯಾಯವಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಪ್ರಕರಣ ತೀರ್ಮಾನಿಸಿತು. 2017ರ ಜನವರಿಯಲ್ಲಿ ಕೊಯಮತ್ತೂರಿನಲ್ಲಿ ಕಾರೊಂದು ಹೆದ್ದಾರಿಯಲ್ಲಿ ಒಮ್ಮೆಲೆ ನಿಂತಿತು. ಹಿಂದಿನ ಬೈಕ್ ಅದಕ್ಕೆ ಬಡಿಯಿತು, ಸವಾರ ಕೆಳಗೆ ಬಿದ್ದ, ಹಿಂದೆ ಬಂದ ಬಸ್ ಅವನ ಕಾಲಿನ ಮೇಲೆ ಹರಿಯಿತು. ಗರ್ಭಿಣಿ ಹೆಂಡತಿಗೆ ವಾಂತಿ ಬಂದಂತಾಯಿತು, ಅದಕ್ಕೇ ನಿಲ್ಲಿಸಿದೆ ಎಂದು ಕಾರಿನವನು ಹೇಳಿದ. ಕೋರ್ಟ್ ಒಪ್ಪಲಿಲ್ಲ. ಹೆದ್ದಾರಿಯಲ್ಲಿ ವೇಗದ ಗಾಡಿಗಳು ಬರುವುದು ಸಹಜ, ನಿಲ್ಲಿಸುವವನು ಹಿಂದಿನವರಿಗೆ ಸೂಚನೆ ಕೊಡಬೇಕು ಎಂದಿತು. ತಪ್ಪಿನ ಪಾಲು ಹೀಗೆ ಹಂಚಿಕೆಯಾಯಿತು: ಕಾರಿಗೆ ಶೇ 50, ಬಸ್ಸಿಗೆ ಶೇ 30, ಅಂತರ ಇಡದ ಬೈಕ್ ಸವಾರನಿಗೆ ಶೇ 20.

ಗಮನಿಸಬೇಕಾದ ಮಾತು ಇದು. ತಪ್ಪು ಪೂರಾ ಒಬ್ಬನದೇ ಇರಬೇಕೆಂದಿಲ್ಲ, ಅದನ್ನು ಪಾಲು ಮಾಡಬಹುದು.

ಕತ್ತಲೆಯಲ್ಲಿ ನಿಂತ ಗಾಡಿಯ ಮಾತು ಇನ್ನೂ ಬೇರೆ. ದೀಪ, ಸೂಚನೆ ಯಾವುದೂ ಇಲ್ಲದೆ ರಸ್ತೆ ನಡುವೆ ನಿಲ್ಲಿಸಿದ್ದ ಗ್ಯಾಸ್ ಟ್ಯಾಂಕರಿಗೆ ರಾತ್ರಿ ಕಾರು ಗುದ್ದಿದ ಪ್ರಕರಣದಲ್ಲಿ ಹೈಕೋರ್ಟ್ ಅರ್ಧ ತಪ್ಪು ಕಾರಿನದು ಎಂದಿತ್ತು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿ ಪೂರ್ಣ ಹೊಣೆ ಟ್ಯಾಂಕರಿನದೇ ಎಂದಿತು. ಟೈರ್ ಪಂಕ್ಚರ್ ಆದ ಕಬ್ಬಿನ ಟ್ರೇಲರನ್ನು ಹಿಂದೆ ನಾಲ್ಕು ಕಲ್ಲಿಟ್ಟು ರಸ್ತೆ ಮೇಲೇ ಬಿಟ್ಟು ಹೋಗುವವರು ಈ ತೀರ್ಪು ನೆನಪಿಡಬೇಕು. ಕತ್ತಲೆಯಲ್ಲಿ ಕಲ್ಲೂ ಕಾಣುವುದಿಲ್ಲ, ಕಬ್ಬೂ ಕಾಣುವುದಿಲ್ಲ. ಕೆಂಪು ರಿಫ್ಲೆಕ್ಟರ್ ಪಟ್ಟಿಗೆ ಬಹಳ ದುಡ್ಡು ಬೀಳುವುದಿಲ್ಲ.

ಮೂರು ಗಾಡಿ ಒಂದಕ್ಕೊಂದು ತಾಗಿದರೆ? ನಡುವಿನವನು ನಿಂತಿದ್ದು, ಕೊನೆಯವನು ಗುದ್ದಿ ಅವನನ್ನು ಮುಂದೆ ನೂಕಿದ್ದರೆ ಎರಡೂ ನುಕಸಾನು ಕೊನೆಯವನ ಲೆಕ್ಕಕ್ಕೆ. ನಡುವಿನವನು ಮೊದಲೇ ಗುದ್ದಿದ್ದರೆ ಮುಂದಿನ ಗಾಡಿಯ ನುಕಸಾನಿಯಲ್ಲಿ ಅವನಿಗೂ ಪಾಲು.

ಕಾಯ್ದೆ ಇದೆ, ಬಾಗಿಲು ದೂರ

ಕಾಯ್ದೆ ಇಷ್ಟು ಸ್ಪಷ್ಟ ಇದ್ದರೂ ರಸ್ತೆಯ ಮೇಲೆ ಜನರ ನ್ಯಾಯವೇ ಯಾಕೆ ನಡೆಯುತ್ತದೆ? ಉತ್ತರ ದುಡ್ಡಿನ ಲೆಕ್ಕದಲ್ಲಿದೆ. ಪ್ರತಿ ಗಾಡಿಗೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಗುದ್ದಿದವನ ಈ ವಿಮೆ ಎದುರಿನವರ ಗಾಡಿ ನುಕಸಾನಿಗೂ ಅನ್ವಯಿಸುತ್ತದೆ. ಆದರೆ ಅದನ್ನು ಪಡೆಯುವ ದಾರಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯದು. ಐದು ಸಾವಿರದ ಬಂಪರಿಗೆ ವಕೀಲರನ್ನು ಇಟ್ಟು ತಾರೀಖಿಗೆ ತಿರುಗುವವರು ಯಾರು? ಹಾಗಾಗಿ ಸಣ್ಣ ಅಪಘಾತದಲ್ಲಿ ಕಾಯ್ದೆ ಪುಸ್ತಕದಲ್ಲೇ ಉಳಿಯುತ್ತದೆ, ದನಿ ದೊಡ್ಡದಿದ್ದವನು ಗೆಲ್ಲುತ್ತಾನೆ.

ತನ್ನ ಸ್ವಂತ ಗಾಡಿಯ ವಿಮೆಯಿಂದ ದುರಸ್ತಿ ಮಾಡಿಸಬಹುದಲ್ಲ ಎಂದರೆ ಅಲ್ಲೂ ಲೆಕ್ಕ ಬೇಕು. ಮೊದಲನೆಯದಾಗಿ, ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದವನಿಗೆ ಸ್ವಂತ ಗಾಡಿಗೆ ಏನೂ ಸಿಗದು. ಪೂರ್ಣ ವಿಮೆ ಇದ್ದವನ ಒಂದು ಉದಾಹರಣೆ ನೋಡೋಣ. ಬಂಪರ್, ದೀಪ ಸೇರಿ 9,000 ರೂ., ಮಜೂರಿ 3,000 ರೂ., ಒಟ್ಟು ಬಿಲ್ಲು 12,000 ರೂ. ಎನ್ನಿ. ಪ್ಲಾಸ್ಟಿಕ್ ಭಾಗಗಳಿಗೆ ಸವಕಳಿ ಎಂದು ಅರ್ಧ ಕಳೆಯುತ್ತಾರೆ, 4,500 ಹೋಯಿತು. ಕಡ್ಡಾಯ ಕಡಿತ ಸಣ್ಣ ಕಾರಿಗೆ 1,000. ಕೈಗೆ ಬರುವುದು 6,500 ರೂ.

ಇನ್ನು ಹೋಗುವುದು ಎಷ್ಟು? ಐದು ವರ್ಷ ಕ್ಲೇಮ್ ಮಾಡದವನಿಗೆ ಸ್ವಂತ ನುಕಸಾನಿ ಪ್ರೀಮಿಯಂನಲ್ಲಿ ಶೇ 50 ರಿಯಾಯಿತಿ ಇರುತ್ತದೆ. ಒಂದು ಕ್ಲೇಮ್ ಮಾಡಿದರೆ ಅದು ಸೊನ್ನೆಗೆ ಇಳಿದು, ಮತ್ತೆ 20, 25, 35, 45 ಎಂದು ಏರಬೇಕು. ಆ ಪ್ರೀಮಿಯಂ 8,000 ರೂ. ಎಂದು ಹಿಡಿದು, ಅದು ಬದಲಾಗದು ಎಂದುಕೊಂಡರೆ ಐದು ವರ್ಷದಲ್ಲಿ ಕ್ರಮವಾಗಿ 4,000, 2,400, 2,000, 1,200, 400 ರೂ. ಹೆಚ್ಚು ಕಟ್ಟಬೇಕಾಗುತ್ತದೆ. ಒಟ್ಟು 10,000. ಬಂದದ್ದು 6,500, ಹೋದದ್ದು 10,000. ಸಣ್ಣ ನುಕಸಾನಿಗೆ ಕ್ಲೇಮ್ ಮಾಡುವ ಮೊದಲು ಈ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ತಡಜೋಡ ಮಾಡುವುದಾದರೆ

ಆದ್ದರಿಂದ ಸಣ್ಣ ಪ್ರಕರಣಗಳಲ್ಲಿ ಸ್ಥಳದಲ್ಲೇ ತಡಜೋಡ ಆಗುವುದು ತಪ್ಪೇನಲ್ಲ. ಆದರೆ ಅದು ಜನ ಕೂಡಿಸಿ ಬೆದರಿಸಿದ್ದಾಗಬಾರದು, ಬಾಯಿ ಮಾತಿನದೂ ಆಗಬಾರದು. ಕೇಳಬೇಕಾದ ಪ್ರಶ್ನೆ ಮೂರೇ. ಹಿಂದಿನವನು ಎಷ್ಟು ಅಂತರ ಇಟ್ಟಿದ್ದ? ಮುಂದಿನವನು ಬ್ರೇಕ್ ಹಾಕಿದ್ದು ಯಾತಕ್ಕೆ? ಅವನ ಹಿಂದಿನ ದೀಪ ಉರಿಯುತ್ತಿತ್ತೇ? ಈ ಮೂರಕ್ಕೆ ಉತ್ತರ ಸಿಕ್ಕರೆ ಪಾಲು ತಾನಾಗಿ ಗೊತ್ತಾಗುತ್ತದೆ.

ಗಾಡಿ ಸರಿಸುವ ಮೊದಲು ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದುಕೊಳ್ಳಿ, ರಸ್ತೆಯೂ ಪ್ಲೇಟುಗಳೂ ಕಾಣಬೇಕು. ಆಮೇಲೆ ಗಾಡಿ ಬದಿಗೆ ಹಾಕಿ, ಇಲ್ಲದಿದ್ದರೆ ಮೂರನೆಯವನು ಬಂದು ಗುದ್ದುತ್ತಾನೆ. ಒಂದು ಹಾಳೆಯಲ್ಲಿ ದಿನ, ವೇಳೆ, ಸ್ಥಳ, ಎರಡೂ ಗಾಡಿಗಳ ನಂಬರು, ಲೈಸೆನ್ಸ್ ಮತ್ತು ಪಾಲಿಸಿ ನಂಬರು, ಏನೇನು ಒಡೆದಿದೆ, ಎಷ್ಟು ದುಡ್ಡು ಕೊಟ್ಟದ್ದು ಎಂದು ಬರೆದು ಇಬ್ಬರೂ ಸಹಿ ಮಾಡಬೇಕು. 'ಇದು ಗಾಡಿ ನುಕಸಾನಿಗೆ ಮಾತ್ರ' ಎಂಬ ಮಾತು ಮರೆಯಬಾರದು. ಹಿಂದಿನಿಂದ ಗುದ್ದಿದಾಗ ಕುತ್ತಿಗೆಗೆ ಜಗ್ಗಿದ ನೋವು ಹಲವು ಸಲ ಮರುದಿನ ಕಾಣಿಸಿಕೊಳ್ಳುತ್ತದೆ. ಆಗ ದವಾಖಾನೆ ಖರ್ಚಿಗೆ ದಾರಿ ಮುಚ್ಚಿರಬಾರದು. ವಿಮೆ ಕಂಪನಿಯಿಂದ ಹಣ ಪಡೆಯುವ ವಿಚಾರ ಇದ್ದರೆ ಮಾತ್ರ 'ತಪ್ಪು ನನ್ನದೇ' ಎಂದು ಬರೆದುಕೊಡಬೇಡಿ, ದುಡ್ಡು ಕೊಡುವ ಮಾತನ್ನೂ ಆಡಬೇಡಿ. ಕಂಪನಿಯನ್ನು ಕೇಳದೆ ತಪ್ಪು ಒಪ್ಪಿಕೊಳ್ಳಬಾರದೆಂಬ ಷರತ್ತು ಪಾಲಿಸಿಯಲ್ಲೇ ಇರುತ್ತದೆ. ನಡೆದದ್ದನ್ನಷ್ಟೇ ಬರೆಯಿರಿ.

ಯಾರಿಗಾದರೂ ಪೆಟ್ಟಾಗಿದ್ದರೆ ತಡಜೋಡದ ಮಾತೇ ಬೇಡ. ಮೊದಲು 108ಕ್ಕೆ, ಆಮೇಲೆ 112ಕ್ಕೆ ಫೋನ್ ಮಾಡಿ. ಇವೆರಡೂ ಗಡಿಯ ಆಚೆಗೂ ಈಚೆಗೂ ನಡೆಯುತ್ತವೆ. ಪೆಟ್ಟಾಗಿದ್ದರೂ ಬೇರೆಯವರ ಆಸ್ತಿ ಹಾನಿಯಾಗಿದ್ದರೂ ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ 24 ತಾಸಿನೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕು ಎಂದು ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಹೇಳುತ್ತದೆ. ಇಲ್ಲಿನವರಿಗೆ ಅದು ಜತ್ತ ಅಥವಾ ಉಮದಿ ಠಾಣೆ.

ಠಾಣೆಯಲ್ಲಿ ಪಂಚನಾಮೆ, ಜಬಾಬು ಮರಾಠಿಯಲ್ಲಿ ಇರುತ್ತವೆ. ವಿಜಯಪುರ ಕಡೆ ಆದರೆ ಕನ್ನಡದಲ್ಲಿ. ಓದಲು ಬಾರದ ಮಜಕೂರಿಗೆ ಸಹಿ ಮಾಡಬೇಡಿ. ಓದಿಸಿ, ಅರ್ಥ ಮಾಡಿಕೊಂಡು ಸಹಿ ಮಾಡಿ. ಇಲ್ಲಿ ಎರಡೂ ಭಾಷೆ ಬಲ್ಲವರಿಗೆ ಬರವಿಲ್ಲ. ಇನ್ನೊಂದು ಸಮಾಧಾನದ ಸಂಗತಿ ಎಂದರೆ ಪರಿಹಾರದ ಅರ್ಜಿಯನ್ನು ಅಪಘಾತ ಆದ ಕಡೆಯೇ ಹಾಕಬೇಕೆಂದಿಲ್ಲ. ಪೆಟ್ಟು ತಿಂದವನು ವಾಸ ಇರುವ ಅಥವಾ ವ್ಯಾಪಾರ ಮಾಡುವ ಕಡೆಯ ನ್ಯಾಯಮಂಡಳಿಯಲ್ಲೂ ಹಾಕಬಹುದು. ಮುಚ್ಚಂಡಿಯಲ್ಲಿ ಪೆಟ್ಟಾದ ವಿಜಯಪುರದವರು ಸಾಂಗಲಿಗೆ ಅಲೆಯಬೇಕಿಲ್ಲ, ವಿಜಯಪುರದಲ್ಲಿ ಪೆಟ್ಟಾದ ಉಮದಿಯವರು ಅಲ್ಲಿಗೆ ಓಡಾಡಬೇಕಿಲ್ಲ.

ನ್ಯಾಯಮಂಡಳಿಯೇ ಗಡಿ ನೋಡದಿರುವಾಗ ರಸ್ತೆ ಬದಿಯಲ್ಲಿ ನಿಂತ ನಾವು ನೋಡುವುದು ಯಾಕೆ? ಈ ಸಲ ಕೆಎ ಗಾಡಿಯವನನ್ನು ಜತ್ತದಲ್ಲಿ ಸುತ್ತುಗಟ್ಟಿ ದುಡ್ಡು ವಸೂಲಿ ಮಾಡಿದವರ ಮನೆಯ ಗಾಡಿಯೂ ನಾಳೆ ಬೀಗರ ಮನೆಗೆಂದು ಎಂಎಚ್ ಪ್ಲೇಟ್ ಹೊತ್ತು ವಿಜಯಪುರಕ್ಕೆ ಹೋಗುತ್ತದೆ. ಅಲ್ಲೂ ಜನ ಕೂಡುತ್ತಾರೆ.